ಹೃದಯದ ಆರೋಗ್ಯ: ಊಟದ ಎಣ್ಣೆ ಮತ್ತು ನಾರಿನ ವಿಚಾರ

ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದರೆ ಯಾವ ನೋವೂ ತೋರುವುದಿಲ್ಲ. ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಶೇಖರವಾದ ಕೊಬ್ಬು ಒಂದು ದಿನ ಎದೆನೋವಾಗಿ ಕಾಣಿಸಿಕೊಳ್ಳುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಒಳಗ್ರಾಮಗಳಿಂದ ಆಸ್ಪತ್ರೆ ತಲುಪಲು ಹಿಡಿಯುವ ಸಮಯವನ್ನು ಬಲ್ಲ ಸದಸ್ಯರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ದೇಹದ ಕೊಲೆಸ್ಟ್ರಾಲಿನ ಬಹುಪಾಲನ್ನು ಯಕೃತ್ತೇ ತಯಾರಿಸುತ್ತದೆ. ಆಹಾರದಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಂತೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಹಿಂಪಡೆಯುವ ಯಕೃತ್ತಿನ ಸಾಮರ್ಥ್ಯ ಕುಗ್ಗುತ್ತದೆ. ಆದಕಾರಣ ಎಣ್ಣೆ ಪೊಟ್ಟಣದ ಮೇಲಿನ ‘ಕೊಲೆಸ್ಟ್ರಾಲ್ ರಹಿತ’ ಎಂಬ ಬರಹಕ್ಕೆ ವಿಶೇಷ ಅರ್ಥವಿಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಅದು ಗಣನೀಯವಾಗಿ ಇರುವುದಿಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬಿನ ಪ್ರಮಾಣ. ಕೊಬ್ಬರಿ ಎಣ್ಣೆಯಲ್ಲಿ ಇದು ಸುಮಾರು ಶೇ. 90, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಚಳ್ಳಕೆರೆಯ ಗಿರಣಿಗಳಿಂದ ಬರುವ ಶೇಂಗಾ ಎಣ್ಣೆಯಲ್ಲಿ ಐದನೆಯ ಒಂದು ಭಾಗದಷ್ಟು ಮಾತ್ರ. ಹಿರಿಯೂರಿನ ತೆಂಗು ಬೆಳೆಗಾರರು ಬೇಸರಿಸಬೇಕಿಲ್ಲ. ಚಟ್ನಿಗೆ ಹಿಡಿಯಷ್ಟು ಹಸಿ ತೆಂಗಿನತುರಿ ಬಳಸುವುದು ಬೇರೆ, ದಿನವೂ ಕೊಬ್ಬರಿ ಎಣ್ಣೆಯಲ್ಲಿ ಕರಿಯುವುದು ಬೇರೆ. ಶೇಂಗಾ ಎಣ್ಣೆಯೂ ಮಿತಿಯಲ್ಲಿಯೇ ಇರಬೇಕು. ವನಸ್ಪತಿಯನ್ನು ಮಾತ್ರ ದೂರವಿಡುವುದೇ ಲೇಸು. ಎಣ್ಣೆ ಹಾಗೂ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಮಂಡಕ್ಕಿ–ಮೆಣಸಿನಕಾಯಿಯ ಅಂಗಡಿಗಳಲ್ಲಿ ಕಪ್ಪಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದರ ಬಗ್ಗೆ ಗ್ರಾಮ ಪಂಚಾಯಿತಿಗಳು ಎಚ್ಚರ ವಹಿಸತಕ್ಕದ್ದು.

ಇನ್ನು ನಾರು. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತರಸವನ್ನು ಮಾಡುತ್ತದೆ. ಹುರುಳಿ, ಅಲಸಂದೆ, ಅವರೆ, ಮೆಂತ್ಯಗಳಲ್ಲಿನ ಕರಗುವ ನಾರು ಕರುಳಿನಲ್ಲಿ ಆ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ; ಕೊರತೆಯನ್ನು ತುಂಬಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಆದರೆ ಹುರುಳಿಯ ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ದನಗಳಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಹಾಗಾದಾಗ ನಾರಿನ ಬಹುಪಾಲು ದನಗಳ ಪಾಲಾಗುತ್ತದೆ! ಮುದ್ದೆಯ ಜೊತೆ ಕಾಳನ್ನೂ ಉಣ್ಣಬೇಕು.

ಹೊಸದುರ್ಗದ ಸಾಮೆಗೂ ಇದೇ ಮಾತು. ಬೆಳ್ಳಗೆ ಪಾಲಿಶ್ ಮಾಡಿದ ಸಾಮೆಯಕ್ಕಿಯಲ್ಲಿ ತೌಡಿನೊಂದಿಗೆ ನಾರೂ ಹೋಗಿರುತ್ತದೆ. ಸಿರಿಧಾನ್ಯ ಸಂಸ್ಕರಿಸುವ ಸ್ವಸಹಾಯ ಸಂಘಗಳಿಗೆ ಹೊಟ್ಟು ಮಾತ್ರ ತೆಗೆದು ತೌಡನ್ನು ಉಳಿಸಲು ಸದಸ್ಯರು ತಿಳಿಸಬಹುದು. ತೌಡುಳ್ಳ ಅಕ್ಕಿ ಬೇಗ ಕೆಡುವುದರಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಮಾಡಿಸುವುದು ಸೂಕ್ತ.

ವೈದ್ಯರು ಕೊಟ್ಟ ಮಾತ್ರೆಯನ್ನು ಊಟ ಬದಲಿಸಿದ ಕಾರಣಕ್ಕೆ ನಿಲ್ಲಿಸತಕ್ಕದ್ದಲ್ಲ. ಎದೆಯಲ್ಲಿ ಒತ್ತಡ, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು ಕಂಡಲ್ಲಿ ಅದನ್ನು ವಾಯುಬಾಧೆ ಎಂದು ತಿಳಿದು ಕಾಯದೆ, ಕೂಡಲೇ 108ಕ್ಕೆ ಕರೆ ಮಾಡಬೇಕು.