ತಾಯಿ ಕಾರ್ಡು ಓದೋಣ



ನಿಮ್ಮ ಮನೆಯಲ್ಲಿ ತಾಯಿ ಕಾರ್ಡು ಇದೆಯೇ? ಹೊರಗೆ ತೆಗೆಯಿರಿ. ಇಷ್ಟು ದಿನ ನರ್ಸಮ್ಮ ಓದಿ ಹೇಳುತ್ತಿದ್ದರು. ಈಗ ನೀವೇ ಓದಬಲ್ಲಿರಿ.

ಕಾರ್ಡಿನಲ್ಲಿ ಲಸಿಕೆಗಳ ಹೆಸರು ಇದೆ. ಹೆಸರಿನ ಹತ್ತಿರ ತಾರೀಖು ಬರೆದಿದ್ದರೆ ಆ ಲಸಿಕೆ ಆಗಿದೆ. ಖಾಲಿ ಇದ್ದರೆ ಅದು ಇನ್ನೂ ಆಗಬೇಕು.

ಲಸಿಕೆ ಏನು ಮಾಡುತ್ತದೆ?

ರೋಗ ತರುವ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಸತ್ತ ಅಥವಾ ಶಕ್ತಿ ಕುಂದಿದ ರೋಗಾಣುವಿನಿಂದ, ಇಲ್ಲವೇ ಅದರ ಒಂದು ಭಾಗದಿಂದ ಲಸಿಕೆ ಮಾಡುತ್ತಾರೆ. ಅದು ಮೈಗೆ ಸೇರಿದರೆ ದೇಹ ರೋಗದ ಗುರುತು ಹಿಡಿಯುತ್ತದೆ. ಹೋರಾಡಲು ಕಲಿಯುತ್ತದೆ. ನಮಗೆ ಅಕ್ಷರ ಒಂದೇ ದಿನಕ್ಕೆ ಬಂತೇ? ತಿದ್ದಿ ತಿದ್ದಿ ಬಂತು. ದೇಹವೂ ಹಾಗೆಯೇ. ಅದಕ್ಕೇ ಕೆಲವು ಲಸಿಕೆಗಳನ್ನು ಮತ್ತೆ ಮತ್ತೆ ಹಾಕಿಸಬೇಕು.

ಯಾವಾಗ ಯಾವುದು?

ಹುಟ್ಟಿದ ಕೂಡಲೇ: ಕ್ಷಯಕ್ಕೆ ಬಿಸಿಜಿ, ಪೋಲಿಯೋ ಹನಿ, ಕಾಮಾಲೆ ತಡೆಯುವ ಹೆಪಟೈಟಿಸ್ ಬಿ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ: ಪೆಂಟಾ ಚುಚ್ಚುಮದ್ದು, ಪೋಲಿಯೋ ಹನಿ, ಭೇದಿ ತಡೆಯುವ ರೋಟಾ ಲಸಿಕೆ. ಪೆಂಟಾ ಎಂದರೆ ಐದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಐದು ರೋಗಗಳಿಗೆ ಒಂದೇ ಸೂಜಿ. ಪೋಲಿಯೋ ಚುಚ್ಚುಮದ್ದು, ನ್ಯುಮೋನಿಯಾ ಲಸಿಕೆಗಳೂ ಇವುಗಳ ಜೊತೆಗೇ ಶುರುವಾಗುತ್ತವೆ.

ಒಂಬತ್ತು ತಿಂಗಳು ತುಂಬಿದಾಗ: ದಡಾರ-ರುಬೆಲ್ಲಾ.

ಒಂದೂವರೆ ವರ್ಷದ ಹೊತ್ತಿಗೆ: ದಡಾರ-ರುಬೆಲ್ಲಾ ಇನ್ನೊಮ್ಮೆ, ಡಿಪಿಟಿ, ಪೋಲಿಯೋ ಹನಿ.

5 ವರ್ಷಕ್ಕೆ: ಡಿಪಿಟಿ ಮತ್ತೊಮ್ಮೆ.

10 ಮತ್ತು 16 ವರ್ಷಕ್ಕೆ: ಟಿಡಿ. ಇದು ಧನುರ್ವಾಯು ಮತ್ತು ಗಂಟಲಮಾರಿಗೆ.

"ದೊಡ್ಡವರಾದ್ರು, ಇನ್ನೇನು ಸೂಜಿ?" ಅನ್ನಬೇಡಿ. ಚಿಕ್ಕಂದಿನ ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುತ್ತದೆ. ಹೊಲದಲ್ಲಿ ಮುಳ್ಳು ಚುಚ್ಚಿದ ಗಾಯದಿಂದಲೂ ಧನುರ್ವಾಯು ಬರಬಹುದು. ಶಾಲೆ ಬಿಟ್ಟ ಮಗಳಿಗೂ, ಕೂಲಿಗೆ ಹೋಗುವ ಮಗನಿಗೂ ಟಿಡಿ ಬೇಕು.

ಮನೆಯಲ್ಲಿ ಬರುವ ಮಾತು

"ಸೂಜಿ ಚುಚ್ಚಿಸಿದ್ರೆ ಜ್ವರ ಬರ್ತದೆ. ಬೇಡ ಬಿಡು" ಅಂತಾರೆ ಅತ್ತೆ.
ಜ್ವರ ಬರಬಹುದು ಅತ್ತೆ. ದೇಹ ಕಲಿಯುತ್ತಿದೆ ಅಂತ ಅದರ ಅರ್ಥ. ಒಂದೆರಡು ದಿನದಲ್ಲಿ ಇಳಿಯುತ್ತದೆ. ನರ್ಸಮ್ಮ ಹೇಳಿದಷ್ಟೇ ಜ್ವರದ ಔಷಧಿ ಕೊಡಬೇಕು. ಎದೆಹಾಲು ಕುಡಿಸುತ್ತಾ ಇರಬೇಕು. ಸೂಜಿ ಚುಚ್ಚಿದ ಜಾಗಕ್ಕೆ ಅರಿಶಿನ, ಸುಣ್ಣ ಏನೂ ಹಚ್ಚಬಾರದು. ಜ್ವರ ಬಿಡದಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

"ತೋಳಿನ ಮೇಲೆ ಗುಳ್ಳೆ ಎದ್ದಿದೆಯಲ್ಲ?"
ಬಿಸಿಜಿ ಹಾಕಿಸಿದ ಕೆಲವು ವಾರಗಳಿಗೆ ಹಾಗಾಗುತ್ತದೆ. ತಾನೇ ಮಾಯುತ್ತದೆ. ಗುರುತು ಉಳಿಯುತ್ತದೆ.

"ತವರಿಗೆ ಹೋಗಿದ್ದೆ. ಒಂದು ಸೂಜಿ ತಪ್ಪಿತು. ಇನ್ನೇನು ಪ್ರಯೋಜನ?"
ಪ್ರಯೋಜನ ಇದೆ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ನಾಚಿಕೊಳ್ಳದೆ ಹೋಗಿ. ಗುಳೆ ಹೋಗುವಾಗಲೂ ಕಾರ್ಡು ಜೊತೆಗಿರಲಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಲಸಿಕೆ ಹಾಕುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಎಲ್ಲರೂ ಹಾಕಿಸಿದರೆ

ಹಿಂದೆ ಸಿಡುಬಿನಿಂದ ಎಷ್ಟೋ ಜನ ಸತ್ತರು. ಎಷ್ಟೋ ಜನ ಕಣ್ಣು ಕಳೆದುಕೊಂಡರು. ಲಸಿಕೆಯಿಂದ 1977ರಲ್ಲಿ ನಮ್ಮ ದೇಶ ಸಿಡುಬಿನಿಂದ ಮುಕ್ತವಾಯಿತು. 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಊರೂರಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಹನಿ ಹಾಕಿಸಿದ್ದರಿಂದ ಇದು ಆಯಿತು. ದಡಾರ, ಗಂಟಲಮಾರಿ ಇನ್ನೂ ಹೋಗಿಲ್ಲ. ಲಸಿಕೆ ಬಿಟ್ಟ ಊರಿಗೆ ಅವು ಮತ್ತೆ ಬರುತ್ತವೆ.

ಮಾಡಿ ನೋಡಿ

1. ನಿಮ್ಮ ಮಗುವಿನ ಕಾರ್ಡಿನಲ್ಲಿ ಖಾಲಿ ಇರುವ ಲಸಿಕೆಗಳ ಹೆಸರು ಬರೆಯಿರಿ.
2. ನಿಮ್ಮ ಊರಲ್ಲಿ ಲಸಿಕೆ ಹಾಕುವ ದಿನ ಯಾವುದು? ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆಯಿರಿ.
3. ಪಕ್ಕದ ಮನೆಯವರ ಕಾರ್ಡನ್ನೂ ಓದಿ ಹೇಳಿ.