ಚಿತ್ರ ಕಲಿಯಲು ಅಂಚೆ ಸಾಕೆ?

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಲ್ಲಿ ನಮ್ಮ ಹಿರಿಯರ ಮನೆಯ ಮುಂದೆ ಒಂದು ಹಗೇವು ಇತ್ತು. ಮೂರು ವರ್ಷಗಳ ಹಿಂದೆ ಓಣಿಗೆ ಕಾಂಕ್ರೀಟ್ ಹಾಕುವಾಗ ಅದನ್ನು ಮುಚ್ಚಬೇಕಾಯಿತು. ಅದಕ್ಕೂ ಮುನ್ನ ತಮ್ಮನ ಮಗ ಮೊಬೈಲಿನಲ್ಲಿ ಹತ್ತಾರು ಫೋಟೊ ತೆಗೆದ. ಎಲ್ಲದರಲ್ಲಿಯೂ ಕಂಡದ್ದು ಒಂದು ಚಪ್ಪಡಿ ಕಲ್ಲು ಮತ್ತು ಅದರ ಪಕ್ಕ ಒಂದು ಕಪ್ಪು ಬಾಯಿ. ಕಿರಿದಾದ ಕಂಠ, ಕೆಳಗೆ ಅಗಲವಾಗುವ ಹೊಟ್ಟೆ, ಕಾಳಿಗೆ ತೇವ ತಗುಲದಂತೆ ಸುತ್ತ ಹೊದಿಸಿದ ಜೋಳದ ದಂಟು, ಇಳಿಯುವ ಮುನ್ನ ಒಳಗೆ ಉಸಿರಾಡಲು ಗಾಳಿಯಿದೆಯೇ ಎಂದು ಪರೀಕ್ಷಿಸಲು ಹಗ್ಗ ಕಟ್ಟಿ ಬಿಡುತ್ತಿದ್ದ ಕಂದೀಲು, ಇವು ಯಾವುವೂ ಕ್ಯಾಮೆರಾಕ್ಕೆ ಸಿಗಲಿಲ್ಲ. ಹುಡುಗ ಗಣಕಯಂತ್ರಕ್ಕೆ ವಿವರಿಸಿ ಹೇಳಿ ಚಿತ್ರ ಬರೆಸಿದ. ಅದು ಒಂದು ಅಂದವಾದ ಬಾವಿಯನ್ನು ಬರೆದುಕೊಟ್ಟಿತು! ನೆಲವನ್ನು ಸೀಳಿ ಒಳಗನ್ನು ತೋರಿಸಲು, ಹಗೇವನ್ನು ಬಲ್ಲ ಮನುಷ್ಯನೇ ಕೈಯಾರೆ ಬರೆಯಬೇಕು ಎಂದು ನನಗೆ ಅನಿಸಿದ್ದು ಆಗ. ಬರಹಕ್ಕೆ ಜೊತೆಯಾಗಿ ನಿಲ್ಲುವ ಚಿತ್ರವನ್ನು, ಅಂದರೆ ಇಲಸ್ಟ್ರೇಷನ್ ಕಲೆಯನ್ನು, ನಿವೃತ್ತಿಯ ನಂತರ ಕಲಿಯಲು ಹೊರಟೆ.

‘ಈ ವಯಸ್ಸಿನಾಗ ಚಿತ್ರಾ ತಗ್ಯಾಕ ಕಲ್ತು ಏನ್ ಮಾಡ್ತೀರಿ, ಕಾಕಾರ?’ ಎಂದು ಊರಿನವರು ಕೇಳಿದರು. ಪ್ರಶ್ನೆ ತಪ್ಪಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನೂ ಅದನ್ನೇ ಕೇಳಿಕೊಂಡಿದ್ದೆ. ಶಿಕ್ಷಣವನ್ನು ಬಂಡವಾಳವೆಂದು ಎಣಿಸಿದರೆ, ಅದರ ಪ್ರತಿಫಲ ಪಡೆಯಲು ಅರವತ್ತು ದಾಟಿದವನಿಗೆ ಉಳಿದಿರುವ ವರ್ಷಗಳು ಕಡಿಮೆ. ಆದರೆ ಅವನ ಸಮಯಕ್ಕೆ ಬೇರೆ ಗಿರಾಕಿಗಳೂ ಕಡಿಮೆ! ಮನೆಸಾಲದ ಕಂತು ಕಟ್ಟುತ್ತಿರುವ ಮೂವತ್ತೈದರ ಗೃಹಸ್ಥ ನೌಕರಿ ಬಿಟ್ಟು ಈ ದಾರಿ ಹಿಡಿಯುವುದಾದರೆ ಲೆಕ್ಕವೇ ಬೇರೆ. ಸಂಬಳ ಬರುತ್ತಿರುವಾಗಲೇ ಸಂಜೆಯ ಎರಡು ಗಂಟೆಗಳನ್ನು ಇದಕ್ಕೆ ಕೊಟ್ಟು ನೋಡುವುದು ಅವರಿಗೆ ಕ್ಷೇಮ.

ನನಗೆ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣ, ನೌಕರಿಯಲ್ಲಿದ್ದ ಸಹಸ್ರಾರು ಜನರಿಗೆ ಪದವಿಯ ಬಾಗಿಲು ತೆರೆಯಿತು. ನಾನು ಎಂ.ಎ. ಮಾಡಿದ್ದೂ ಸೇವೆಯಲ್ಲಿದ್ದಾಗ, ಅಂಚೆಯಲ್ಲಿ ಬಂದ ಪಾಠಗಳನ್ನು ಬಸ್ಸಿನಲ್ಲಿ, ಪ್ರವಾಸಿ ಮಂದಿರಗಳಲ್ಲಿ ಓದಿ. ಬೇಡಿಕೆ-ಪೂರೈಕೆಯ ಸಿದ್ಧಾಂತವನ್ನು ಪುಸ್ತಕದಿಂದ ಅರಿಯಬಹುದು. ಚಿತ್ರದಲ್ಲಾದರೋ, ತಪ್ಪು ಮಾಡುವವನ ಕಣ್ಣಿಗೇ ತಪ್ಪು ಕಾಣಿಸುವುದಿಲ್ಲ. ಅದನ್ನು ಬೇರೊಬ್ಬರು ತೋರಿಸಬೇಕು.

ಸರ್ಕಾರವೂ ಈ ವ್ಯತ್ಯಾಸವನ್ನು ಗುರುತಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನಡೆಸಬಾರದ ವಿಷಯಗಳ ಪಟ್ಟಿಯಿದೆ. ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪಗಳ ಜೊತೆ ದೃಶ್ಯಕಲೆಯೂ ಅದರಲ್ಲಿ ಸೇರಿದೆ. ಆದ್ದರಿಂದ ಮನೆಯಲ್ಲೇ ಕುಳಿತು ಚಿತ್ರಕಲೆಯ ಪದವಿ ಪಡೆಯಿರಿ ಎಂಬ ಜಾಹೀರಾತು ಕಂಡರೆ ಓದುಗರು ಎಚ್ಚರ ವಹಿಸಬೇಕು. ಪದವಿಗಿಂತ ಕೆಳಗಿನ ಪ್ರಮಾಣಪತ್ರದ ಮಾತು ಬೇರೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಚಿತ್ರಕಲೆ ಮತ್ತು ಅನ್ವಯಿಕ ಕಲೆಯಲ್ಲಿ ಅಂತಹ ಕೋರ್ಸುಗಳನ್ನು ರೂಪಿಸಿದ್ದುಂಟು. ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ನೋಡಿಯೇ ಮುಂದುವರಿಯುವುದು ಒಳಿತು. ಪದವಿಯೇ ಬೇಕೆಂಬ ಯುವಕರಿಗೆ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಟ್ಟಿದ ಚಿತ್ರಕಲಾ ಶಾಲೆಯಂತಹ ಪರಂಪರೆ ನಮ್ಮ ಜಿಲ್ಲೆಯಲ್ಲೇ ಇದೆ.

ಅಂಚೆಯಲ್ಲಿ ಚಿತ್ರ ಕಲಿಯುವುದು ಅಸಾಧ್ಯವೆಂದೂ ಹೇಳಲಾಗದು. ‘ಪೀನಟ್ಸ್’ ವ್ಯಂಗ್ಯಚಿತ್ರ ಮಾಲಿಕೆಯ ಚಾರ್ಲ್ಸ್ ಶುಲ್ಜ್ ಕಲಿತದ್ದು ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಅಂಚೆ ಶಾಲೆಯಲ್ಲಿ. ಪಕ್ಕದ ಸೇಂಟ್ ಪಾಲ್‌ನಲ್ಲೇ ಮನೆಯಿದ್ದರೂ ಅವರು ಪಾಠಗಳನ್ನು ಅಂಚೆಯಲ್ಲೇ ಕಳುಹಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಸೇವೆ ಮುಗಿಸಿ ಬಂದ ಮೇಲೆ ಅದೇ ಶಾಲೆಯಲ್ಲಿ ಇತರರ ಪಾಠ ತಿದ್ದುವ ಕೆಲಸ ಮಾಡಿದರು. 1950ರಲ್ಲಿ ‘ಪೀನಟ್ಸ್’ ಆರಂಭವಾಯಿತು. ಆ ಶಾಲೆಯನ್ನು ನಡೆಸಿದ್ದು ಅಂಚೆಯಲ್ಲಿ ಹೋದ ಪುಸ್ತಕಗಳಷ್ಟೇ ಅಲ್ಲ, ಮರಳಿ ಬಂದ ಹಾಳೆಗಳನ್ನು ತಿದ್ದುತ್ತಿದ್ದ ಜನ.

ಈ ಪಾಠವನ್ನು ನಾನು ಹಣ ತೆತ್ತು ಕಲಿತೆ. ಮೊದಲು ಸೇರಿದ ಖಾಸಗಿ ಕೋರ್ಸಿನವರು ಶುಲ್ಕ ಪೂರ್ತಿ ಪಡೆದು, ಸೊಗಸಾದ ವಿಡಿಯೊಗಳನ್ನು ಕಳುಹಿಸಿದರು. ನಾನು ಕಳುಹಿಸಿದ ಪ್ರತಿ ಚಿತ್ರಕ್ಕೂ ಬಂದ ಉತ್ತರ ‘ತುಂಬ ಚೆನ್ನಾಗಿದೆ, ಮುಂದುವರಿಯಿರಿ’ ಎಂಬುದೊಂದೇ. ಆರು ತಿಂಗಳಲ್ಲಿ ಪ್ರಮಾಣಪತ್ರ ಬಂತು. ಹಗೇವು ಮಾತ್ರ ನೆಲದಲ್ಲಿ ಹುಗಿದ ಗಡಿಗೆಯಂತೆಯೇ ಕಾಣುತ್ತಿತ್ತು. ಆಮೇಲೆ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ದೂರದಿಂದಲೇ ತಿದ್ದಿಕೊಡಲು ಒಪ್ಪಿದರು. ವಾರಕ್ಕೆ ಒಂದೇ ಹಾಳೆ. ನಾನು ಫೋಟೊ ತೆಗೆದು ಕಳುಹಿಸಿದರೆ, ಅದರ ಮೇಲೆಯೇ ಕೆಂಪು ಗೆರೆ ಎಳೆದು ಮರಳಿಸುತ್ತಾರೆ. ನನ್ನ ಹಗೇವಿನ ಮೇಲೆ ಅವರು ಬರೆದದ್ದು ಇಷ್ಟೇ: ‘ಒಳಗ ಒಬ್ಬ ಮನಿಷ್ಯಾನ್ನ ನಿಂದರಸ್ರಿ.’ ಬುಟ್ಟಿಗೆ ಜೋಳ ತುಂಬುತ್ತಿರುವ ಆಳನ್ನು ಬರೆದೆ. ಗಡಿಗೆ ಮಾಯವಾಗಿ, ಮನುಷ್ಯ ಇಳಿಯಬಲ್ಲ ಆಳ ಮೊದಲ ಬಾರಿಗೆ ಕಾಗದದ ಮೇಲೆ ಕಂಡಿತು.

ನಮ್ಮ ಕುಂದಗೋಳದಲ್ಲಿದ್ದ ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಆಗಲೇ ಅವರು ಹೆಸರು ಪಡೆದ ಗಾಯಕಿ, ಮಕ್ಕಳ ತಾಯಿ. ಆದರೂ ಅಷ್ಟು ದೂರ ಬಂದದ್ದು ಸ್ವರವನ್ನು ತಿದ್ದಬಲ್ಲ ಗುರುವಿಗಾಗಿ. ಇಂದು ಆ ದೂರವನ್ನು ಮೊಬೈಲು ಕ್ರಮಿಸುತ್ತದೆ. ಗುರುವಿನ ಅಗತ್ಯ ಅಷ್ಟೇ ಉಳಿದಿದೆ.

ಹಾಗಾಗಿ, ಪ್ರೌಢ ವಯಸ್ಸಿನಲ್ಲಿ ಚಿತ್ರವನ್ನು ದೂರದಿಂದ ಕಲಿಯಬಹುದೇ ಎಂದು ಕೇಳುವವರಿಗೆ, ಕಲಿಯಬಹುದು ಎಂಬುದೇ ನನ್ನ ಉತ್ತರ. ಆದರೆ ಶುಲ್ಕ ಕಟ್ಟುವ ಮುನ್ನ, ನನ್ನ ಹಾಳೆಯನ್ನು ಯಾರು ನೋಡುತ್ತಾರೆ, ಎಷ್ಟು ದಿನಗಳಲ್ಲಿ ತಿದ್ದಿ ಕಳುಹಿಸುತ್ತಾರೆ ಎಂದು ವಿಚಾರಿಸಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಆ ಹಣದಲ್ಲಿ ಕಾಗದ, ಪೆನ್ಸಿಲು ಕೊಳ್ಳಿ. ಏನನ್ನು ಬರೆಯಲು ಕಲಿಯುತ್ತಿದ್ದೇನೆ ಎಂಬುದೂ ಮೊದಲೇ ಗೊತ್ತಿದ್ದರೆ ಮೇಲು. ನನ್ನ ಪಟ್ಟಿಯಲ್ಲಿ ಹಗೇವಿನ ನಂತರ ಕೂರಿಗೆ, ಕುಂಟೆ, ರಂಟೆಗಳಿವೆ. ಅವುಗಳನ್ನು ಹೂಡಿ ಬಲ್ಲವರು ಊರಿನಲ್ಲಿ ಇನ್ನೂ ಕೆಲವರಿದ್ದಾರೆ. ಎಲ್ಲರೂ ನನಗಿಂತ ಹಿರಿಯರು. ವಾರಕ್ಕೆ ಒಂದು ಹಾಳೆ ಸಾಲದೇನೋ ಎಂಬ ಆತಂಕ ಈಗೀಗ ಕಾಡುತ್ತಿದೆ.