ಗುಟ್ಟು ಕಾಯುವವರ ಇಕ್ಕಟ್ಟು

1991ರ ಜೂನ್. ಅಮೆರಿಕದ ಷಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಪೊಲೀಸ್ ಅಧಿಕಾರಿ ಮೇರಿ ಲೂ ರೆಡ್ಮಂಡ್, ಹೊಡೆದಾಟದ ಕರೆ ಬಂತೆಂದು ಒಂದು ವಸತಿ ಸಮುಚ್ಚಯಕ್ಕೆ ಧಾವಿಸಿದರು. ಅಲ್ಲಿ ಅವರು ಹಾರಿಸಿದ ಗುಂಡಿಗೆ ರಿಕಿ ಅಲೆನ್ ಎಂಬಾತ ಸತ್ತ. ಅವನ ಕೈಯಲ್ಲಿ ಚಾಕುವಿತ್ತು ಎಂದರು ರೆಡ್ಮಂಡ್. ಬರಿಗೈಯಲ್ಲಿದ್ದ ಎಂದರು ಅವನ ಮನೆಯವರು. ಆಮೇಲೆ ರೆಡ್ಮಂಡ್ ಕ್ಯಾರೆನ್ ಬೇಯರ್ ಎಂಬ ಸಮಾಜಕಾರ್ಯಕರ್ತೆಯ ಬಳಿ ಸುಮಾರು 50 ಸಲ ಆಪ್ತಸಮಾಲೋಚನೆಗೆ ಹೋದರು. ಅಲೆನ್ ಕುಟುಂಬ ದಾವೆ ಹೂಡಿದಾಗ ವಕೀಲರ ಕಣ್ಣು ಬಿದ್ದದ್ದು ಬೇಯರ್ ಬರೆದಿಟ್ಟುಕೊಂಡ ಟಿಪ್ಪಣಿಗಳ ಮೇಲೆ.

ಕೊಡಿ ಎಂದರು ನ್ಯಾಯಾಧೀಶರು. ಇಬ್ಬರೂ ಕೊಡಲಿಲ್ಲ. ಹಾಗಾದರೆ ಆ ಟಿಪ್ಪಣಿಗಳಲ್ಲಿ ರೆಡ್ಮಂಡ್‌ಗೆ ಪ್ರತಿಕೂಲವಾದದ್ದೇ ಇದೆ ಎಂದು ಭಾವಿಸಬಹುದು ಎಂಬ ಸೂಚನೆ ಜ್ಯೂರಿಗೆ ಹೋಯಿತು. 5,45,000 ಡಾಲರ್ ಪರಿಹಾರದ ತೀರ್ಪೂ ಬಂತು. ಮೇಲ್ಮನವಿ ಹತ್ತುತ್ತಾ ಹತ್ತುತ್ತಾ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿ, 1996ರ ಜೂನ್ 13ರಂದು ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತು ಇತ್ಯರ್ಥವಾಯಿತು: ಮನೋವೈದ್ಯರ ಎದುರು ಆಡಿದ ಮಾತಿಗಿರುವ ರಕ್ಷಣೆ ಪರವಾನಗಿ ಪಡೆದ ಸಮಾಜಕಾರ್ಯಕರ್ತರ ಎದುರು ಆಡಿದ ಮಾತಿಗೂ ಉಂಟು. ಒಪ್ಪದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕುಟುಕಿದ್ದು ಹೀಗೆ: ಜನರ ಮನಸ್ಸಿನ ಸ್ವಾಸ್ಥ್ಯ ಕಾಯುವುದರಲ್ಲಿ ಚಿಕಿತ್ಸಕರಿಗಿಂತ ಅಮ್ಮಂದಿರ ಪಾಲೇ ದೊಡ್ಡದಿರಬೇಕು, ಆದರೂ ಅಮ್ಮನಿಗೆ ಹೇಳಿದ ಗುಟ್ಟಿಗೆ ಕಾನೂನಿನಲ್ಲಿ ಇಂಥ ರಕ್ಷಣೆ ಇಲ್ಲವಲ್ಲ! ನಮ್ಮ ಯಾವ ಊರಿನ ಕಟ್ಟೆಯ ಮೇಲೆ ಕೇಳಿದರೂ ಸ್ಕಾಲಿಯಾ ಪರ ನಾಲ್ಕು ಜನ ಸಿಕ್ಕಾರು.

ಅಮ್ಮನಿಗೂ ಸಮಾಜಕಾರ್ಯಕರ್ತೆಗೂ ಇರುವ ವ್ಯತ್ಯಾಸ ಪ್ರೀತಿಯದ್ದಲ್ಲ. ಆಕೆ ಸಂಬಳಕ್ಕೆ ಕೇಳಿಸಿಕೊಳ್ಳುವವಳು, ಕೇಳಿದ್ದನ್ನು ಫೈಲಿನಲ್ಲಿ ಬರೆಯುವವಳು, ಆ ಫೈಲಿನ ಬಲದ ಮೇಲೆ ಒಂದು ಮಗುವನ್ನು ಮನೆಯಿಂದ ಬಾಲಮಂದಿರಕ್ಕೆ ಕಳಿಸಲು ಶಿಫಾರಸು ಮಾಡಬಲ್ಲವಳು. ಹೇಳಿಕೊಳ್ಳುವವರಿಗೆ ಅಪಾಯ ಇರುವುದು ಇಲ್ಲೇ. ಕೇಳುವವಳಿಗೂ ಅಪಾಯ ಇರುವುದು ಇಲ್ಲೇ.

ಬಾಯಿ ಬಿಡದಿರುವುದೇ ಧರ್ಮ ಎಂದುಕೊಳ್ಳುವಷ್ಟು ಸಲೀಸಾಗಿದ್ದರೆ ಈ ವೃತ್ತಿಗೆ ತರಬೇತಿಯೇ ಬೇಕಿರಲಿಲ್ಲ. 1969ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ಬಂಗಾಳಿ ವಿದ್ಯಾರ್ಥಿ, ತನ್ನನ್ನು ನಿರಾಕರಿಸಿದ ಹುಡುಗಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞನ ಬಳಿ ಬಾಯಿಬಿಟ್ಟ. ಮನಶ್ಶಾಸ್ತ್ರಜ್ಞ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ. ಅವರು ಹಿಡಿದು, ಮಾತಾಡಿಸಿ, ಸರಿಯಾಗಿಯೇ ಇದ್ದಾನೆ ಎಂದು ಬಿಟ್ಟರು. ಹುಡುಗಿಗಾಗಲಿ ಹೆತ್ತವರಿಗಾಗಲಿ ಯಾರೂ ಹೇಳಲಿಲ್ಲ. ಅಕ್ಟೋಬರ್ 27ರಂದು ತತಿಯಾನಾ ತರಸಾಫ್ ಕೊಲೆಯಾದಳು. ಹೆತ್ತವರು ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ, ಗುರುತಿಸಬಹುದಾದ ಒಬ್ಬ ವ್ಯಕ್ತಿಯ ಜೀವಕ್ಕೆ ಅಪಾಯ ಇದ್ದಾಗ ಆ ವ್ಯಕ್ತಿಯನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವುದು ಚಿಕಿತ್ಸಕನ ಹೊಣೆ ಎಂದಿತು. ತೀರ್ಪು ಮನಶ್ಶಾಸ್ತ್ರಜ್ಞರ ಬಗ್ಗೆಯಾದರೂ ಸಮಾಜಕಾರ್ಯದ ಪಾಠಪುಸ್ತಕಗಳು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಹೇಳಿದರೆ ದ್ರೋಹ, ಹೇಳದಿದ್ದರೆ ಸಾವು. ಇದರ ನಡುವೆ ದಾರಿ ಹುಡುಕುವ ವಿಷಯದಲ್ಲಿ ಭಾರತದ ಕಾನೂನು ಹಿಂದುಳಿದಿದೆ ಎಂದುಕೊಳ್ಳುವವರು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಒಂಬತ್ತನೇ ಸೆಕ್ಷನ್ ಓದಬೇಕು. ಗಂಡನಿಗೆ ಎಚ್‌ಐವಿ ಇದೆ, ಹೆಂಡತಿಗೆ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ವೈದ್ಯ ಅಥವಾ ಆಪ್ತಸಮಾಲೋಚಕ ಬಿಟ್ಟು ಬೇರೆ ಯಾರೂ ಆಕೆಗೆ ಹೇಳುವಂತಿಲ್ಲ. ಇವರೂ ನೇರವಾಗಿ ಹೋಗಿ ಹೇಳುವಂತಿಲ್ಲ. ಸೋಂಕು ತಗಲುವ ಗಣನೀಯ ಅಪಾಯ ಆಕೆಗಿದೆ ಎಂದು ನಂಬಲು ಕಾರಣ ಇರಬೇಕು. ನೀನೇ ಹೇಳಪ್ಪ ಎಂದು ಗಂಡನಿಗೆ ತಿಳಿಹೇಳಿರಬೇಕು. ಆತ ಹೇಳುವುದಿಲ್ಲ ಎಂಬುದು ಖಚಿತವಾಗಿರಬೇಕು. ಇನ್ನು ನಾನೇ ಹೇಳುತ್ತೇನೆ ಎಂದು ಆತನಿಗೆ ಮೊದಲೇ ತಿಳಿಸಿರಬೇಕು. ಆಮೇಲೆ ಎದುರು ಕೂರಿಸಿಕೊಂಡು, ಸಮಾಲೋಚನೆ ಮಾಡಿ ಹೇಳಬೇಕು, ಫೋನಿನಲ್ಲಲ್ಲ, ಚೀಟಿಯಲ್ಲಲ್ಲ. ಸೋಂಕು ಇರುವುದು ಹೆಂಡತಿಗೆ, ತಿಳಿಯಬೇಕಾದವನು ಗಂಡ ಎಂದಾದರೆ ಇನ್ನೂ ಒಂದು ತಡೆ ಇದೆ: ತಿಳಿದ ಮೇಲೆ ಅವನು ಹೊಡೆದಾನು, ಮನೆಯಿಂದ ಹೊರಹಾಕಿಯಾನು ಎಂಬ ಭಯಕ್ಕೆ ಆಧಾರವಿದ್ದರೆ ಹೇಳಕೂಡದು.

ಅಪಾಯ ನಿರ್ವಹಣೆ ಎಂಬ ಒಣ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಬ್ಬರ ಅಂತಃಸಾಕ್ಷಿಯ ಮೇಲೆ ಎಲ್ಲ ಭಾರ ಹೊರಿಸದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆ. ಪ್ರತಿ ಮೆಟ್ಟಿಲನ್ನೂ ಫೈಲಿನಲ್ಲಿ ತಾರೀಖಿನ ಸಮೇತ ಬರೆಯಬಹುದು. ನಾಳೆ ಯಾರಾದರೂ ಪ್ರಶ್ನಿಸಿದರೆ ತೋರಿಸಬಹುದು. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ನಿನಲ್ಲೂ ತರಸಾಫ್ ಪ್ರಕರಣದ ನೆರಳು ಕಾಣುತ್ತದೆ. ರೋಗಿಯ ಮಾಹಿತಿ ಗೋಪ್ಯ. ಬೇರೆಯವರನ್ನು ಹಿಂಸೆಯಿಂದ ಕಾಪಾಡಬೇಕಾಗಿ ಬಂದರೆ ಅದಕ್ಕೆ ಎಷ್ಟು ಅಗತ್ಯವೋ ಅಷ್ಟನ್ನು ಮಾತ್ರ ಹೊರಗೆಡಹಬಹುದು.

ಪೋಕ್ಸೊ ಕಾಯ್ದೆ ಇಷ್ಟು ನಾಜೂಕಾಗಿಲ್ಲ. 2012ರ ಈ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ; ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಸಮಾಜಕಾರ್ಯಕರ್ತರಿಗೆ ಇಲ್ಲಿ ವಿನಾಯಿತಿ ಇಲ್ಲ. ಒಳ್ಳೆಯದೇ, ಏಕೆಂದರೆ ಮನೆತನದ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹೋದ ಪ್ರಕರಣಗಳಿಗೆ ಈ ದೇಶದಲ್ಲಿ ಬರವಿಲ್ಲ. ಆದರೆ ಹದಿನೇಳರ ಹುಡುಗಿ ತನ್ನ ಪ್ರಿಯಕರನಿಂದ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದಾಗ? ಪೊಲೀಸರಿಗೆ ಹೇಳಬೇಡಿ ಎಂದು ಆಕೆ ಅತ್ತರೆ? 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಮ್ಮತದ ಸಂಬಂಧದಿಂದಾದ ಗರ್ಭವನ್ನು ತೆಗೆಸಿಕೊಳ್ಳಲು ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತು ಬೇಡ ಎಂದು ವೈದ್ಯರಿಗೆ ಸಡಿಲಿಕೆ ಕೊಟ್ಟಿತು. ಅದೇ ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ಕೂತ ಸಮಾಜಕಾರ್ಯಕರ್ತೆಯ ಹೆಸರನ್ನು ಆ ಸಾಲಿನಲ್ಲಿ ಯಾರೂ ಸೇರಿಸಲಿಲ್ಲ.

ಹಾಗಾಗಿ ಅನುಭವಸ್ಥರು ಮಾಡುವ ಕೆಲಸ ಒಂದೇ. ಹುಡುಗಿ ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಾರೆ: ಇಂಥಿಂಥ ವಿಷಯ ನನ್ನ ಕಿವಿಗೆ ಬಿದ್ದರೆ ನಾನು ಸುಮ್ಮನಿರಲಾರೆ. ಇದನ್ನು ಕೇಳಿ ಎದ್ದು ಹೋಗುವವರೂ ಇದ್ದಾರೆ. ಆದರೂ ‘ನನ್ನ ಹತ್ತಿರ ಏನು ಬೇಕಾದರೂ ಹೇಳು, ಹೊರಗೆ ಹೋಗುವುದಿಲ್ಲ’ ಎಂದು ನಂಬಿಸಿ, ಸಂಜೆಗೆ ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ ಅದು ವಾಸಿ.

ಅಮೆರಿಕದ ರಾಷ್ಟ್ರೀಯ ಸಮಾಜಕಾರ್ಯಕರ್ತರ ಸಂಘ 1960ರಲ್ಲಿ ತನ್ನ ಮೊದಲ ನೀತಿಸಂಹಿತೆ ಹೊರತಂದಾಗ ಅದು ಒಂದು ಪುಟದಷ್ಟಿತ್ತು. 1996ರಲ್ಲಿ ಅದನ್ನು ಹೊಸದಾಗಿ, ಬಹಳ ವಿಸ್ತಾರವಾಗಿ ಬರೆದ ಸಮಿತಿಯ ಅಧ್ಯಕ್ಷರು ಫ್ರೆಡರಿಕ್ ರೀಮರ್. ವೃತ್ತಿಯಲ್ಲಿ ಆಗುವ ತಪ್ಪುಗಳನ್ನು ಅವರು ಮೂರಾಗಿ ವಿಂಗಡಿಸುತ್ತಾರೆ. ಗೊತ್ತಿಲ್ಲದೆ, ಮೈಮರೆತು ಆದವು ಮೊದಲನೆಯವು. ಫೈಲನ್ನು ಮೇಜಿನ ಮೇಲೆ ಬಿಚ್ಚಿಟ್ಟು ಊಟಕ್ಕೆ ಹೋದಂತೆ. ಎರಡೂ ಕಡೆ ಧರ್ಮ ಎಳೆಯುವಾಗ ತೆಗೆದುಕೊಂಡ ತೀರ್ಮಾನಗಳು ಎರಡನೆಯವು. ಮೂರನೆಯದು ಶುದ್ಧ ದುರ್ನಡತೆ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೂರನೆಯದಾದರೂ, ಕಚೇರಿಗಳಲ್ಲಿ ದಿನಬೆಳಗಾದರೆ ನಡೆಯುವುದು ಮೊದಲನೆಯದು.

ಅದೇ ಸಂಘಕ್ಕೆ 1986ರಿಂದ 1997ರವರೆಗೆ ಬಂದ ದೂರುಗಳನ್ನು ಅಧ್ಯಯನ ಮಾಡಿದಾಗ ಮೇಲೆದ್ದು ಕಂಡದ್ದು ಸಂಬಂಧದ ಎಲ್ಲೆ ದಾಟಿದ ಪ್ರಕರಣಗಳು. ಎಲ್ಲೆ ಎಂಬುದು ನಮ್ಮ ಕಡೆ ಇನ್ನೂ ಜಟಿಲ. ತಾಲ್ಲೂಕು ಕೇಂದ್ರದಲ್ಲಿ ಕೆಲಸ ಮಾಡುವ ಎಂ.ಎಸ್.ಡಬ್ಲ್ಯು. ಪದವೀಧರೆ, ತನ್ನಲ್ಲಿಗೆ ಬಂದವಳ ಮಗನ ಜವಳಕ್ಕೆ ಹೋಗದಿದ್ದರೆ ಕೊಬ್ಬು ಎನ್ನುತ್ತಾರೆ. ಹೋದರೆ ಊಟ, ತಾಂಬೂಲ, ರವಿಕೆ ಬಟ್ಟೆ. ಇದರಲ್ಲಿ ಯಾವುದೂ ಅಪರಾಧವಲ್ಲ. ಆದರೆ ಅದೇ ಸಲಿಗೆಯಲ್ಲಿ ನಾಳೆ ಐನೂರು ರೂಪಾಯಿ ಕೈಸಾಲ ಬರುತ್ತದೆ, ನಾಡಿದ್ದು ‘ನಮ್ಮ ಹುಡುಗನಿಗೆ ನಿಮ್ಮ ಆಫೀಸಿನಲ್ಲಿ ಒಂದು ಕೆಲಸ’ ಬರುತ್ತದೆ, ಗಂಡ ಹೆಂಡಿರ ಜಗಳದಲ್ಲಿ ‘ನೀವು ಅವಳ ಕಡೆಯವರು’ ಎಂಬ ಆರೋಪ ಬರುತ್ತದೆ. ಅಮೆರಿಕದ ಸಂಹಿತೆಯನ್ನು ಹಾಗೇ ತಂದು ಇಲ್ಲಿ ಅಂಟಿಸಲು ಆಗದು. ಜವಳಕ್ಕೆ ಹೋಗಿ, ಹೋದದ್ದನ್ನು ಮೇಲ್ವಿಚಾರಕರಿಗೆ ತಿಳಿಸಿ, ಎರಡು ಸಾಲು ಬರೆದಿಡುವುದೇ ನಡೆಯುವ ದಾರಿ.

ಇನ್ನು ಫೋಟೊ. ದಾನಿಗಳಿಗೆ ಕಳಿಸುವ ವರದಿಗೆ ಫೋಟೊ ಬೇಕು, ವಾಟ್ಸಾಪ್ ಗುಂಪಿಗೆ ಫೋಟೊ ಬೇಕು, ಬಿಸ್ಕತ್ತು ಹಂಚಿದ್ದಕ್ಕೂ ಫೋಟೊ ಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾನೂನಿನ ರಕ್ಷಣೆಯಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೆಯ ಉದ್ದೇಶ ಇತ್ತು ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ.

ಕೆಟ್ಟವರನ್ನು ಹೊರಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಲಂಡನ್ನಿನ ಒಂದು ಪ್ರಕರಣ ಒಡೆದುಹಾಕಿತು. ಐವರಿ ಕೋಸ್ಟ್‌ನಿಂದ ಬಂದಿದ್ದ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ, ಸಾಕುತ್ತೇನೆಂದು ಕರೆತಂದ ಸಂಬಂಧಿಯ ಮನೆಯಲ್ಲೇ ಚಿತ್ರಹಿಂಸೆಗೆ ಸಿಕ್ಕು 2000ದ ಫೆಬ್ರುವರಿಯಲ್ಲಿ ಸತ್ತಳು. ಮೈಮೇಲೆ 128 ಗಾಯಗಳಿದ್ದವು. ಆಸ್ಪತ್ರೆ, ಪೊಲೀಸ್, ಸಮಾಜಸೇವಾ ಇಲಾಖೆ ಮೂರಕ್ಕೂ ಆ ಮಗು ಗೊತ್ತಿತ್ತು. ಲಾರ್ಡ್ ಲ್ಯಾಮಿಂಗ್ ವಿಚಾರಣಾ ವರದಿ 2003ರ ಜನವರಿಯಲ್ಲಿ ಹೊರಬಂದಾಗ, ಅವಳನ್ನು ಉಳಿಸಬಹುದಾಗಿದ್ದ 12 ಅವಕಾಶಗಳು ತಪ್ಪಿಹೋದದ್ದು ದಾಖಲಾಗಿತ್ತು, ಶಿಫಾರಸುಗಳು 108. ಕೆಳಹಂತದ ಕಾರ್ಯಕರ್ತೆಯ ತಲೆಗೆ ಎಲ್ಲವನ್ನೂ ಕಟ್ಟಲು ಲ್ಯಾಮಿಂಗ್ ಒಪ್ಪಲಿಲ್ಲ. ಸಾಲದ ತರಬೇತಿ, ಹೆಸರಿಗಷ್ಟೇ ಇದ್ದ ಮೇಲ್ವಿಚಾರಣೆ, ಹೊಣೆ ಜಾರಿಸಿಕೊಂಡ ಹಿರಿಯ ಅಧಿಕಾರಿಗಳು – ಅವರು ಬೊಟ್ಟು ಮಾಡಿದ್ದು ಇವುಗಳ ಕಡೆಗೆ.

ಬಿಹಾರದ ಮುಜಫ್ಫರ್‌ಪುರದಲ್ಲಿ ಕತೆ ಇನ್ನೂ ಕರಾಳ. ಬಾಲಕಿಯರ ಆಶ್ರಯಧಾಮಕ್ಕೆ ತಪಾಸಣೆಯ ಭೇಟಿಗಳು ನಡೆಯುತ್ತಲೇ ಇದ್ದವು. ರಿಜಿಸ್ಟರುಗಳಲ್ಲಿ ಸಹಿ ಬೀಳುತ್ತಲೇ ಇತ್ತು. ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ ಬಿಹಾರದ 110 ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಿ 2018ರಲ್ಲಿ ವರದಿ ಕೊಟ್ಟಾಗಲೇ ಅಲ್ಲಿನ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಹಿಂಸೆ ಬಯಲಾದದ್ದು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಜನರನ್ನು ತಪ್ಪಿತಸ್ಥರೆಂದಿತು. ಅವರಲ್ಲಿ ಆ ಮಕ್ಕಳನ್ನು ಕಾಯಬೇಕಾಗಿದ್ದ ಮಕ್ಕಳ ಕಲ್ಯಾಣ ಸಮಿತಿಯ ಆಗಿನ ಅಧ್ಯಕ್ಷರೂ ಇದ್ದರು, ಅಪರಾಧವನ್ನು ವರದಿ ಮಾಡದೆ ಉಳಿದ ಜಿಲ್ಲಾ ಮಟ್ಟದ ಅಧಿಕಾರಿಯೂ ಇದ್ದರು. ಸಮಾಜಕಾರ್ಯವೇ ಸಮಾಜಕಾರ್ಯದ ಕಳ್ಳತನ ಹಿಡಿದ ಅಪರೂಪದ ಪ್ರಸಂಗ ಇದು. ಹೊರಗಿನವರು ಬಂದು ಮಕ್ಕಳ ಎದುರು ಕೂತು ಕೇಳಿದ್ದರಿಂದ ತಿಳಿದದ್ದು ರಿಜಿಸ್ಟರಿನಿಂದ ತಿಳಿದಿರಲಿಲ್ಲ.

ಕಾಗದಪತ್ರದ ವಿಷಯದಲ್ಲಿ ಎಚ್ಚರ ಬೇಕು. ಟಿಪ್ಪಣಿ ಬರೆಯುವುದು ರಕ್ಷಣೆ ಹೌದು, ಆದರೆ ಕೋರ್ಟಿಗೆ ಹೆದರಿ ಬರೆದ ಟಿಪ್ಪಣಿಯಲ್ಲಿ ಬಂದವರ ನೋವು ಇರುವುದಿಲ್ಲ, ಬರೆದವರ ಬಚಾವು ಮಾತ್ರ ಇರುತ್ತದೆ. ನಡೆದದ್ದೇನು, ಯೋಚಿಸಿದ್ದೇನು, ಯಾರನ್ನು ಕೇಳಿದೆ, ಏಕೆ ಹೀಗೆ ಮಾಡಿದೆ – ನಾಲ್ಕು ಸಾಲು ಸಾಕು.

ಯಾರನ್ನು ಕೇಳುವುದು ಎಂಬಲ್ಲಿಯೇ ನಮ್ಮ ತೊಡಕು. ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣ ಶುರುವಾದದ್ದು 1936ರಲ್ಲಿ, ಮುಂಬೈನಲ್ಲಿ. ಮಂಗಳೂರಿನ ಸಮಾಜಕಾರ್ಯ ಕಾಲೇಜಾದ ರೋಶನಿ ನಿಲಯಕ್ಕೂ ಅರವತ್ತು ದಾಟಿತು. ಟಾಟಾ ಸಂಸ್ಥೆಯಲ್ಲಿ ನೆಲೆಗೊಂಡ ಸಮಾಜಕಾರ್ಯ ಶಿಕ್ಷಕರ ವೇದಿಕೆ 1997ರಲ್ಲಿ ನೀತಿಯ ಘೋಷಣೆಯೊಂದನ್ನು ರೂಪಿಸಿತು; ಮುರಿದವರನ್ನು ಕೇಳುವ ಅಧಿಕಾರ ಅದಕ್ಕಿಲ್ಲ. ವಕೀಲರಿಗೆ, ವೈದ್ಯರಿಗೆ ಇರುವಂತೆ ಇಡೀ ವೃತ್ತಿಗೆ ಒಂದು ಶಾಸನಬದ್ಧ ಪರಿಷತ್ತು ಈ ದೇಶದಲ್ಲಿಲ್ಲ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಆಸ್ಪತ್ರೆಗಳ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಎಚ್‌ಐವಿ ಕಾಯ್ದೆಯಡಿ ಇಪ್ಪತ್ತು ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು, ಅದರ ಮೇಲೆ ರಾಜ್ಯಮಟ್ಟದ ಓಂಬುಡ್ಸ್‌ಮನ್. ಆರೋಗ್ಯ ಕ್ಷೇತ್ರದೊಳಗೆ ಇಷ್ಟಾದರೂ ಬಾಗಿಲುಗಳಿವೆ. ಗಂಡನ ಹೊಡೆತ ತಾಳದೆ ಬಸ್ಸು ಹಿಡಿದು ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಕುಟುಂಬ ಸಲಹಾ ಕೇಂದ್ರಕ್ಕೆ ಬಂದ ಹೆಂಗಸು, ಅಲ್ಲಿ ತಾನು ಹೇಳಿದ ಮಾತು ವಾರದೊಳಗೆ ಗಂಡನ ಮನೆ ಸೇರಿತೆಂದು ದೂರಬೇಕಾದರೆ, ಅದೇ ಸಂಸ್ಥೆಯ ಕಾರ್ಯದರ್ಶಿಯ ಮುಂದೆ ನಿಲ್ಲಬೇಕು.